ಗಡಿಗಲ್ಲಿನ ಈಚೆ

ಸೆಪ್ಟೆಂಬರ್ ಕಲೆಂಡ್ಸ್, ತಿಂಗಳ ಮೊದಲ ದಿನ

ಎದ್ದೆ. ಗಂಜಿ ಕುಡಿದೆ. ಕಲ್ಲಿನವರೆಗೆ ನಡೆದೆ. ನಲವತ್ತೆರಡು ಹೆಜ್ಜೆ. ನಿನ್ನೆಯೂ ನಲವತ್ತೆರಡೇ. ಹಿಂದೆ ನನ್ನ ಹನ್ನೆರಡು ಮಂದಿ ದಂಡಧಾರಿಗಳು. ಅವರ ದಂಡಗಳಿಗೆ ಸುತ್ತಿದ ಗೆಲುವಿನ ಎಲೆ ಒಣಗಿ ಗರಿಗರಿ ಎನ್ನುತ್ತಿದೆ. ಮುಟ್ಟಿದರೆ ಪುಡಿ. ಹಿಸ್ಪಾನಿಯದ ಯುದ್ಧ ಮುಗಿಸಿ ಬಂದು ಇಂದಿಗೆ ಹದಿನೇಳು ದಿನ.

ಊರಿನ ಪವಿತ್ರ ಗಡಿಗೆರೆ ತೋರಿಸುವ ಕಲ್ಲು, ಮೊಣಕಾಲೆತ್ತರ. ಇಂದು ಅದಕ್ಕೆ ಯಾರೋ ಮೇಕೆ ಕಟ್ಟಿದ್ದರು. ಅದು ಒಮ್ಮೆ ಆಚೆ ಮೇಯುತ್ತಿತ್ತು, ಒಮ್ಮೆ ಈಚೆ. ಮೇಕೆಗೆ ಯಾರ ಅಡ್ಡಿಯೂ ಇಲ್ಲ. ನಾನು, ಔಲಸ್ ನುಮಿಸಿಯಸ್, ಆರು ವರ್ಷ ಸೇನೆ ನಡೆಸಿ ಗೆದ್ದು ಬಂದವನು — ಆ ಕಲ್ಲು ದಾಟಿ ಒಂದೇ ಒಂದು ಹೆಜ್ಜೆ ಇಟ್ಟರೆ ಸೇನಾಪತಿಯ ಅಧಿಕಾರ ಅಲ್ಲೇ ಬಿತ್ತು. ಅಧಿಕಾರ ಬಿದ್ದರೆ ವಿಜಯದ ಮೆರವಣಿಗೆಯೂ ಬಿತ್ತು. ಸೆನೆಟ್ಟಿನವರು ಹ್ಞೂಂ ಅನ್ನುವವರೆಗೆ ರೋಮಿನ ಹೊರಗೇ ಬಿದ್ದಿರಬೇಕು. ನನ್ನ ಊರು. ನಾನು ಹುಟ್ಟಿದ ಊರು.

ಕಲ್ಲಿನ ಹತ್ತಿರ ಕೂತರೆ ಮನೆ ಕಾಣುತ್ತದೆ. ಗುಡ್ಡದ ಇಳಿಜಾರು, ಮೂರನೇ ಸೂರು, ಪಕ್ಕದಲ್ಲಿ ಅಂಜೂರದ ಮರ. ದಿನಾ ಬೆಳಿಗ್ಗೆ ಮುದುಕಿ ದಾಸಿಯ ಕೈಲಿ ಆರು ಹಣ್ಣು ಬರುತ್ತವೆ. ಕಳಿಸುವವಳು ಮಗಳು, ನುಮ್ಮಿ. ನಾನಿಲ್ಲದ ವರ್ಷಕ್ಕೊಂದರಂತೆ ಆರು. ಹೋದಾಗ ಹದಿಮೂರರ ಹುಡುಗಿ. ಈಗ ಹತ್ತೊಂಬತ್ತು.

ಮಧ್ಯಾಹ್ನ ಒಂದು ಹೆಣ ಹೊರಬಂತು. ಕೊಳಲಿನವರು ಮುಂದೆ, ಅಳುವವರು ಹಿಂದೆ. ಗೆರೆಯ ಒಳಗೆ ಸುಡುವಂತಿಲ್ಲ, ಹೂಳುವಂತಿಲ್ಲ, ಯಾರು ಸತ್ತರೂ ಕಲ್ಲು ದಾಟಿ ಈ ಕಡೆಗೇ ತರಬೇಕು. ಸತ್ತವರಿಗೂ ಒಳಗೆ ಜಾಗವಿಲ್ಲ, ಗೆದ್ದವನಿಗೂ ಇಲ್ಲ. ದಂಡಧಾರಿಗಳಿಗೆ ಹಾಗೆಂದು ಹೇಳಿ ನಕ್ಕೆ. ಅವರು ನಗಲಿಲ್ಲ.

ನೋನ್ಸ್‌ಗೆ ಮೂರು ದಿನ ಬಾಕಿ

ನಮ್ಮವರ ದಿನದ ಎಣಿಕೆಯೇ ಹೀಗೆ. ಒಂದರಂದು ಕಲೆಂಡ್ಸ್, ಐದರಂದು ನೋನ್ಸ್, ಹದಿಮೂರರಂದು ಐಡ್ಸ್, ತಿಂಗಳಿಗೆ ಮೂರೇ ಗುರುತು. ಎಷ್ಟು ಕಳೆಯಿತು ಎಂದು ಬರೆಯುವುದಿಲ್ಲ. ಮುಂದಿನದಕ್ಕೆ ಇನ್ನೆಷ್ಟು ಬಾಕಿ, ಅದೇ. ಕಾಯುವವನಿಗೆಂದೇ ಮಾಡಿದ ಲೆಕ್ಕ.

ಲೂಸಿಯಸ್ ಬಂದಿದ್ದ. ಹೆಂಡತಿಯ ತಮ್ಮ. ಸೆನೆಟ್ಟಿನಲ್ಲಿ ನನ್ನ ಪರ ಮಾತಾಡುವವನು ಅವನೇ. ಮುಖ ನೋಡಿದ ಕೂಡಲೇ ಗೊತ್ತಾಯಿತು.

“ಆಗೇ ಹೋಯ್ತು ಅಂದ್ಕೊಳಿ ಭಾವ. ಎಲ್ಲಾ ಸರಿ ಅಂದ್ರು. ಮುದುಕ್ರೂ ಒಪ್ಪಿದ್ರು. ಅಷ್ಟೊತ್ತಿಗೆ ಆ ಜನಪ್ರತಿನಿಧಿ ಎದ್ದು ನಿಂತ. ಒಂದೇ ಮಾತು.”

“ಏನಂದ?”

“ವೀಟೋ.”

“ಕಾರಣ?”

“ಕಾರಣ ಯಾರಿಗೆ ಬೇಕು? ನಾನು ಒಪ್ಪಲ್ಲ ಅಂದ. ಮುಗೀತು. ನಿಮ್ಮ ಮುಖ ಕಂಡ್ರೆ ಅವನಿಗಾಗಲ್ಲ, ಅವರಪ್ಪನ ಕಾಲದ ಹಗೆ. ಬಿಡಿ, ಎರಡು ದಿನ. ನಾನು ಮಾತಾಡ್ತೀನಿ.”

ಎರಡು ದಿನ. ಬಂದ ದಿನದಿಂದ ಎರಡೇ ದಿನ ಇದೆ.

ನುಮ್ಮಿಯ ಓಲೆಯೂ ಬಂತು. ಮೇಣದ ಹಲಗೆ, ಅಕ್ಷರ ಥೇಟ್ ಅವಳಮ್ಮನದೇ, ಬಲಕ್ಕೆ ಬಾಗಿದ್ದು. “ಅಪ್ಪಾ, ನಾಳೆ ಪಲ್ಲಕ್ಕಿಯಲ್ಲಿ ಬರಲಾ? ಅಮ್ಮ ಹ್ಞೂಂ ಅಂದಿದ್ದಾಳೆ. ನಿನ್ನ ಮುಖ ಮರೆತುಹೋಗಿದೆ. ಮೂಗು ನೆನಪಿದೆ, ಮಿಕ್ಕಿದ್ದು ಇಲ್ಲ. ಬರೀ ಮೂಗನ್ನೇ ಎಷ್ಟು ದಿನ ಅಂತ ಅಪ್ಪಾ ಅನ್ನಲಿ?”

ಓದಿ ನಕ್ಕೆ. ಎರಡು ಸಲ ಓದಿದೆ. ಬೇಡ ಎಂದು ಉತ್ತರ ಬರೆದೆ. ದೂಳು, ಸಿಪಾಯಿಗಳು, ಅವರ ಹೊಲಸು ಬಾಯಿ, ಇದು ಹೆಣ್ಣುಮಗಳು ಬರುವ ಜಾಗವಲ್ಲ ಎಂದೆಲ್ಲ ಬರೆದೆ. ಅದು ನೆಪ. ಇದನ್ನು ಓದುವವರು ಯಾರೂ ಇಲ್ಲ, ನಿಜ ಬರೆಯುತ್ತೇನೆ. ಆರು ವರ್ಷದ ಮೇಲೆ ಮಗಳು ನನ್ನನ್ನು ಮೊದಲ ಸಲ ನೋಡುವುದು ರಥದ ಮೇಲೆಯೇ ಆಗಬೇಕು. ನಾಲ್ಕು ಕುದುರೆ, ಚಿನ್ನದ ಕಸೂತಿಯ ಬಟ್ಟೆ, ಇಡೀ ಊರು ಕೂಗುತ್ತಿರಬೇಕು. ಹಿಸ್ಪಾನಿಯದ ಹಿಮದಲ್ಲಿ, ಬೂಟು ಬೇಯಿಸಿ ತಿಂದ ಚಳಿಗಾಲದಲ್ಲಿ, ಇದೊಂದನ್ನೇ ನೆನೆಯುತ್ತಿದ್ದೆ.

“ಆ ದಿನವೇ ನೋಡು ಮಗಳೇ. ಇನ್ನೇನು ನಾಲ್ಕೈದು ದಿನ.”

ಐಡ್ಸ್‌ಗೆ ಐದು ದಿನ ಬಾಕಿ

ಇಂದು ಅಂಜೂರ ಬರಲಿಲ್ಲ.

ಸಂಜೆ ಮುದುಕಿ ಬರಿಗೈಯಲ್ಲಿ ಬಂದಳು. “ನುಮ್ಮಿ ಅಮ್ಮಾವ್ರಿಗೆ ಮೈ ಬಿಸಿ ಇದೆ ಬುದ್ಧಿ. ನಿನ್ನೆ ನಡುಕ ಬಂತು. ಇವತ್ತು ಎದ್ದು ಕೂತವ್ರೆ. ಹಣ್ಣು ನಾಳೆ ಕಳಿಸ್ತಾರಂತೆ.”

ಸೆಪ್ಟೆಂಬರ್ ಜ್ವರ. ಪ್ರತಿ ವರ್ಷ ಬರುತ್ತದೆ, ಹೋಗುತ್ತದೆ. ನನಗೂ ಬಂದಿತ್ತು, ಎಂಟನೇ ವಯಸ್ಸಿನಲ್ಲಿ.

ಐಡ್ಸ್

ದಿನ ಬಿಟ್ಟು ದಿನ ಬರುವ ಜ್ವರವಂತೆ. ಬಂದ ದಿನ ಮೈ ಸುಡುತ್ತದೆ, ಬಿಟ್ಟ ದಿನ ನಗುತ್ತಾಳೆ. ಗ್ರೀಕ್ ವೈದ್ಯನನ್ನು ಕರೆಸಿದ್ದಾರೆ. ಪಲ್ಲಕ್ಕಿಯಲ್ಲಿ ಇಲ್ಲಿಗೆ ತರಬಹುದೇ ಎಂದು ಕೇಳಿ ಕಳಿಸಿದೆ. ಕುಲುಕಾಟ ಕೂಡದು, ಬಿಸಿಲು ಕೂಡದು, ಹಾಸಿಗೆಯಿಂದ ಎಬ್ಬಿಸಿದರೆ ನಾನು ಜವಾಬ್ದಾರನಲ್ಲ ಎಂದನಂತೆ.

ಬರಲಾ ಎಂದು ಕೇಳಿದಾಗ ಬೇಡ ಎಂದವನು ಯಾರು? ನಾನು.

ಇಂದು ಸೆನೆಟ್ಟಿನವರು ಊರ ಹೊರಗಿನ ಬೆಲ್ಲೋನಾ ದೇವಿಯ ಗುಡಿಗೆ ಬಂದಿದ್ದರು, ನನ್ನ ಮಾತು ಕೇಳಲು. ನಾನು ಒಳಗೆ ಹೋಗುವಂತಿಲ್ಲವಲ್ಲ, ಅವರೇ ಬರಬೇಕು. ಯುದ್ಧದ ವರದಿ ಓದಿದೆ. ಕೊನೆಗೆ ಎಲ್ಲರೂ ಎದ್ದು ಮತ ಹಾಕುವ ಹೊತ್ತಿಗೆ ಶಕುನ ನೋಡುವವನು ಕೈ ಎತ್ತಿದ. ಗುಡುಗು ಕೇಳಿಸಿತಂತೆ. ಆಕಾಶದಲ್ಲಿ ಅಂಗೈ ಅಗಲದ ಮೋಡವಿಲ್ಲ.

“ನಿಮಗೆ ಕೇಳಿಸ್ತಾ ಭಾವ?” ಎಂದ ಲೂಸಿಯಸ್, ಹೊರಗೆ ಬಂದಮೇಲೆ.

“ಇಲ್ಲ.”

“ನನಗೂ ಇಲ್ಲ. ಯಾರಿಗೂ ಇಲ್ಲ. ಆದ್ರೆ ಅವನಿಗೆ ಕೇಳಿಸಿದ್ರೆ ಸಾಕು, ಸಭೆ ಮುಂದಕ್ಕೆ. ಎರಡು ದಿನ ತಡೀರಿ.”

ಕೆನ್ನೆಗೆ ಬಾರಿಸಬೇಕೆನಿಸಿತು. ಅವನ ತಪ್ಪೇನಿದೆ ಪಾಪ.

ಅಕ್ಟೋಬರ್ ಕಲೆಂಡ್ಸ್‌ಗೆ ಹದಿನಾರು ದಿನ ಬಾಕಿ

ಕನೂಲಿಯಸ್‌ನನ್ನು ಕರೆಸಿದೆ. ನೂರಾಳುಗಳ ನಾಯಕ, ಇಪ್ಪತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ. ಎಡಗಿವಿ ಇಲ್ಲ. ನನ್ನ ಮೇಲೆ ಬಂದ ಕತ್ತಿಗೆ ಅವನು ಕೊಟ್ಟದ್ದು.

“ನಾಳೆ ಒಳಗೆ ಹೋಗಿಬಿಡೋಣ ಅಂತಿದ್ದೀನಿ ಕಣೋ,” ಎಂದೆ. “ಮಗಳು ಮಲಗಿದ್ದಾಳೆ.”

ಕಾಲಬೆರಳಿನಿಂದ ಮಣ್ಣು ಕೆದಕಿದ.

“ನಾವೇನ್ ಅಡ್ಡ ನಿಲ್ಲಲ್ಲ ದಣಿ.”

“ಮತ್ತೆ ಮುಖ ಯಾಕೆ ಹಾಗೆ?”

“ಮುಖ ಇರೋದೇ ಹಂಗೆ.” ಆಮೇಲೆ ತಡೆದು ತಡೆದು ಹೇಳಿದ. “ಹೊಳೆದಂಡೇಲಿ ಸಾವಿರದ ಎಂಟುನೂರು ಜನ ಗುಡಾರ ಹಾಕ್ಕೊಂಡು ಕೂತವ್ರೆ. ಊರಿಗೆ ಹೋಗ್ರಪ್ಪಾ ಅಂದ್ರೂ ಹೋಗ್ಲಿಲ್ಲ. ಆ ಒಂಟಿಗಣ್ಣ ಇದಾನಲ್ಲ, ಅವರವ್ವ ಧಾನ್ಯದ ಸಂತೆ ಹತ್ರ ಇದಾಳೆ. ಅವಳ ಮನೆ ಮುಂದೆ ಮೆರವಣಿಗೇಲಿ ಹೋಗ್ಬೇಕಂತೆ ಅವನಿಗೆ. ಕಣ್ಣು ಸುಮ್ನೆ ಹೋಗ್ಲಿಲ್ಲ ಅಂತ ಅವಳು ನೋಡ್ಬೇಕಂತೆ. ನೀವಿಲ್ದೆ ಮೆರವಣಿಗೆ ಇಲ್ಲ. ಅಷ್ಟೇಯ. ನೀವು ದೊಡ್ಡೋರು, ನಿಮಗೆ ತಿಳಿದಂಗೆ ಮಾಡಿ.”

ಬೈದಿದ್ದರೆ ವಾಸಿಯಿತ್ತು. ಬೇಡಿಕೊಂಡಿದ್ದರೂ ವಾಸಿಯಿತ್ತು.

ನಾಳೆ ಹೋಗಲಿಲ್ಲವೆಂದು ಈಗಲೇ ಬರೆದಿಡಬಹುದು.

ಹನ್ನೆರಡು ದಿನ ಬಾಕಿ

ಬಣ್ಣದವನು ಬಂದಿದ್ದ. ಮೆರವಣಿಗೆಯ ದಿನ ಸೇನಾಪತಿಯ ಮುಖಕ್ಕೆಲ್ಲ ಕೆಂಪು ಬಳಿಯಬೇಕು, ಗುಡಿಯ ಜೂಪಿಟರ್ ದೇವರ ಮುಖದ ಹಾಗೆ. ಮೊದಲೇ ಹಚ್ಚಿ ನೋಡಬೇಕಂತೆ, ಕೆಲವರಿಗೆ ಮೈ ಕೆರೆಯುತ್ತದಂತೆ. ಲೂಸಿಯಸ್ ಕಳಿಸಿದ್ದು. ಬೇಡವೆನ್ನಲು ಮನಸ್ಸಾಗಲಿಲ್ಲ, ಕೂತೆ. ಅರ್ಧ ಮುಖಕ್ಕೆ ಬಳಿದಿದ್ದ. ಆಗ ಒಪ್ಪಿಯ ಬಂದಳು.

ನನ್ನ ಹೆಂಡತಿ. ಆರು ವರ್ಷದಲ್ಲಿ ಕೂದಲೆಲ್ಲ ನರೆತಿದೆ. ನಾನು ಬಂದ ವಾರ ಎರಡು ಸಲ ಬಂದಿದ್ದಳು, ಮಗಳು ಮಲಗಿದ ಮೇಲೆ ಮನೆ ಬಿಟ್ಟಿರಲಿಲ್ಲ. ನನ್ನ ಮುಖ ನೋಡಿ ಗುಡಾರದ ಬಾಗಿಲಲ್ಲೇ ನಿಂತಳು. ಮೊದಲು ನಕ್ಕಳು. ಆ ನಗು ನಿಲ್ಲಲಿಲ್ಲ, ನಗುತ್ತ ನಗುತ್ತ ಅಳು ಬಂದುಬಿಟ್ಟಿತು. ಬಣ್ಣದವನು ಮಡಕೆ ಎತ್ತಿಕೊಂಡು ಓಡಿಹೋದ.

“ಚೆನ್ನಾಗಿದೆ ಕಣ್ರೀ. ಅಲ್ಲಿ ಅವಳು ನನ್ನ ಕೇಳ್ತಾಳೆ, ಅಪ್ಪನ ಕಣ್ಣು ಯಾವ ಬಣ್ಣ ಅಂತ. ಇಲ್ಲಿ ನೀವು ವೇಷ ಕಟ್ಕೊಂಡು ಕೂತಿದ್ದೀರಿ.”

“ಒಪ್ಪಿಯಾ, ಇನ್ನು ಎರಡೇ ದಿನ ಅಂತ ನಿನ್ನ ತಮ್ಮನೇ —”

“ಅವನ ಎರಡು ದಿನಕ್ಕಿಷ್ಟು ಬೆಂಕಿ ಹಾಕ. ನಾನು ಹುಡುಗಿ ಆಗಿದ್ದಾಗಿಂದ ಕೇಳ್ತಿದ್ದೀನಿ ಅದನ್ನ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದು ಮಾತು ಕೇಳ್ತೀನಿ. ಆ ದಿನ ರಥದ ಮೇಲೆ ಬರ್ತಿದ್ರಲ್ಲ, ಅವಳು ನೋಡ್ಲಿ ಅಂತ. ಏನನ್ನ ನೋಡ್ತಿದ್ಲು? ಈ ಬಣ್ಣಾನ? ಇದರ ಕೆಳಗೆ ಅವರಪ್ಪ ಇದ್ದಾನೋ, ಬೀದೀಲಿ ಹೋಗೋ ಯಾವನಾದ್ರೂ ಇದ್ದಾನೋ, ಅವಳಿಗೆ ಹೆಂಗೆ ಗೊತ್ತಾಗ್ಬೇಕಿತ್ತು?”

ಇದು ನನಗೆ ಹೊಳೆದೇ ಇರಲಿಲ್ಲ. ಆರು ವರ್ಷ ಯೋಚಿಸಿದೆ. ಕುದುರೆ, ಬಟ್ಟೆ, ಬಾಗಿಲು, ಜನ — ಎಲ್ಲ ಯೋಚಿಸಿದೆ. ಮುಖ ಬಣ್ಣದಲ್ಲಿ ಮುಚ್ಚಿಹೋಗುತ್ತದೆ ಎಂಬುದೇ ಹೊಳೆದಿರಲಿಲ್ಲ.

ಅವಳನ್ನು ಕಲ್ಲಿನವರೆಗೆ ಬಿಟ್ಟುಬಂದೆ. ದಾಟುವಾಗ ತಿರುಗಿ ಕಲ್ಲಿಗೆ ಕಾಲಿನಿಂದ ಒದ್ದಳು. ಬೆರಳಿಗೆ ಪೆಟ್ಟಾಯಿತೆಂದು ಕಾಣುತ್ತದೆ, ಕುಂಟುತ್ತ ಹೋದಳು. ಬಣ್ಣ ತೊಳೆದರೂ ಕಿವಿಯ ಹಿಂದೆ ಉಳಿದಿದೆ.

ಎಂಟು ದಿನ ಬಾಕಿ. ಬೆಳಿಗ್ಗೆ

ಜ್ವರ ಬಿಟ್ಟ ದಿನ. ಹಾಸಿಗೆ ಸಮೇತ ಮಹಡಿಯ ಕಟ್ಟೆಗೆ ಎತ್ತಿ ತರುತ್ತೇವೆ, ಕಲ್ಲಿನ ಹತ್ತಿರ ನಿಂತಿರಿ ಎಂದು ಮನೆಯಿಂದ ಹೇಳಿ ಕಳಿಸಿದ್ದರು. ನನ್ನ ಕೆಂಪು ಮೇಲುಹೊದಿಕೆಯನ್ನು ಭರ್ಜಿಗೆ ಕಟ್ಟಿ ಎತ್ತಿ ಹಿಡಿದೆ. ಅತ್ತ ಇತ್ತ ಆಡಿಸಿದೆ. ಯುದ್ಧದಲ್ಲಿ ಸಾವಿರ ಸಲ ಮಾಡಿದ ಸನ್ನೆ ಅದು.

ಸೂರಿನ ಮೇಲೆ ಬಿಳಿಯದೊಂದು ಅಲ್ಲಾಡಿತು. ಕೈಯೆತ್ತಿದಳು! ಇನ್ನೂ ಜೋರಾಗಿ ಆಡಿಸಿದೆ. ಅದೂ ಜೋರಾಗಿ ಆಡಿತು. ದಂಡಧಾರಿಗಳೂ ಕೈ ಬೀಸಿದರು, ಪಾಪ. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಲಿಲ್ಲ.

ಅದೇ ದಿನ, ಸಂಜೆ

ಮುದುಕಿ ಬಂದಿದ್ದಳು. ನುಮ್ಮಿಗೆ ಬೆಳಿಗ್ಗೆಯೇ ನಡುಕ ಶುರುವಾಯಿತಂತೆ. ಹೊರಗೆ ತರಲೇ ಇಲ್ಲವಂತೆ. ಬಿಟ್ಟ ದಿನವೂ ಈಗ ಜ್ವರ ಬಿಡುತ್ತಿಲ್ಲ.

“ಮತ್ತೆ ಸೂರಿನ ಮೇಲೆ ಏನಿತ್ತು?”

“ಏನಿತ್ತು ಬುದ್ಧಿ? ಹಾಸಿಗೆ ಬಟ್ಟೆ ಒಗೆದು ಹರವಿದ್ದೆ. ಬೆವರಿಗೆ ದಿನಾ ನಾಲ್ಕು ಬಟ್ಟೆ ನೆನೀತಾವೆ.”

ಅರ್ಧ ಗಂಟೆ ಒಗೆದ ಬಟ್ಟೆಗೆ ಕೈ ಬೀಸಿದ್ದೇನೆ.

ಐದು ದಿನ ಬಾಕಿ

ಒಪ್ಪಿಗೆ ಸಿಕ್ಕಿತು.

ಲೂಸಿಯಸ್ ಓಡುತ್ತಲೇ ಬಂದ. “ಆಯ್ತು ಭಾವ, ಆಯ್ತು! ಆ ಬಡ್ಡೀಮಗನೂ ಬಾಯಿ ಮುಚ್ಕೊಂಡ. ಮೆರವಣಿಗೆ ನಿಮ್ಮದೇ!”

ಎದ್ದೆ. ಬೂಟಿನ ದಾರವನ್ನೂ ಕಟ್ಟದೆ ಹೊರಟೆ.

“ಎಲ್ಲಿಗೆ?”

“ಮನೆಗೆ.”

“ಅಯ್ಯೋ ತಡೀರಿ, ತಡೀರಿ. ಸೆನೆಟ್ ಒಪ್ಪಿದೆ. ಊರೊಳಗೆ ಒಂದು ದಿನ ಅಧಿಕಾರ ಇಟ್ಕೊಂಡು ಬರೋಕೆ ಜನರ ಸಭೆ ಒಪ್ಪಬೇಕಲ್ಲ. ಮೂರು ಸಂತೆ ಕಳೀಬೇಕು. ನಿಯಮ.”

ಎಂಟೆಂಟು ದಿನಕ್ಕೊಂದು ಸಂತೆ. ಮೂರು ಸಂತೆ. ಕೂತೆ. ವೈದ್ಯ ಏನಂತಾನೆ ಎಂದು ಕೇಳಿದೆ. ಲೂಸಿಯಸ್ ನನ್ನ ಕಡೆ ನೋಡಲಿಲ್ಲ. ಬೂಟಿನ ದಾರ ನೋಡುತ್ತ ಹೇಳಿದ. “ಮೂರು ಸಂತೆ ಅನ್ನಲಿಲ್ಲ ಭಾವ ಅವನು. ಮೂರು ದಿನ ಅಂದ.”

ಸಾಕು. ನಾಳೆ ಬೆಳಿಗ್ಗೆ ಹೋಗುತ್ತೇನೆ. ಏನಾದರಾಗಲಿ.

ಕನೂಲಿಯಸ್‌ಗೆ ಹೇಳುವ ಮೊದಲೇ ಅವನೇ ಬಂದ. ಹಿಂದೆ ಆ ಒಂಟಿಗಣ್ಣನೂ ಇದ್ದ. “ಹುಡುಗ್ರು ಮಾತಾಡ್ಕೊಂಡ್ರು ದಣಿ. ಹೋಗ್ಬಿಡಿ ಅಂದ್ರು.” ಒಂಟಿಗಣ್ಣ ಹಿಂದಿನಿಂದ ಗೊಣಗಿದ, “ನಮ್ಮವ್ವ ಏನ್ ಓಡಿಹೋಗ್ತಾಳಾ. ನಾನೇ ಹೋಗಿ ಮುಖ ತೋರಿಸ್ತೀನಿ.” ಅವರಿಬ್ಬರನ್ನೂ ತಬ್ಬಿಕೊಳ್ಳಬೇಕೆನಿಸಿತು. ಹೋಗ್ರೋ ಕೆಲಸ ನೋಡ್ರೋ ಎಂದು ಗದರಿದೆ.

ನಾಲ್ಕು ದಿನ ಬಾಕಿ. ಬೆಳಿಗ್ಗೆ, ಕಲ್ಲಿನ ಹತ್ತಿರ

ನಲವತ್ತೆರಡು ಹೆಜ್ಜೆ ನಡೆದೆ. ಕಾಲು ಎತ್ತಿದ್ದೆ, ನಿಜವಾಗಿ ಎತ್ತಿದ್ದೆ. ಅಷ್ಟರಲ್ಲಿ ಎದುರಿನಿಂದ ಮುದುಕಿ ಏದುಸಿರು ಬಿಡುತ್ತ ಬಂದಳು. ಬುಟ್ಟಿಯಲ್ಲಿ ಆರು ಅಂಜೂರ, ಮೇಲೆ ಹಲಗೆ. ಅಕ್ಷರ ನುಮ್ಮಿಯದೇ, ಆದರೆ ದೊಡ್ಡ ದೊಡ್ಡದು, ಸಾಲು ಕೆಳಗಿಳಿದಿದೆ.

“ಅಪ್ಪಾ, ಮಾವ ಎಲ್ಲ ಹೇಳಿದ. ನೀನು ದಾಟಬೇಡ. ಇಷ್ಟು ದಿನ ಕಾದು ಈಗ ದಾಟಿದರೆ ನನ್ನಿಂದ ಹೋಯ್ತು ಅನ್ನಿಸುತ್ತೆ ನನಗೆ. ಜ್ವರ ಇಳಿದಿದೆ. ನಿನ್ನೆ ಗಂಜಿ ಕುಡಿದೆ. ನಾಡಿದ್ದು ನಾನೇ ಬರ್ತೀನಿ. ಮುಖ ತೊಳೆದುಕೊಂಡಿರು, ಅಮ್ಮ ಬಣ್ಣದ ಕತೆ ಹೇಳಿದಳು. ಹಣ್ಣು ತಿನ್ನು.”

“ಜ್ವರ ಇಳಿದದ್ದು ನಿಜವೇನೇ?” ಎಂದೆ ಮುದುಕಿಗೆ.

“ಬೆಳಿಗ್ಗೆ ತಣ್ಣಗಿದ್ರು ಬುದ್ಧಿ. ಎದ್ದು ಕೂತು ಅವರೇ ಬರೆದ್ರು.” ಬುಟ್ಟಿಯ ಹಿಡಿ ತಿರುಚುತ್ತ ನಿಂತಿದ್ದಳು.

ಎತ್ತಿದ ಕಾಲು ಹಿಂದಕ್ಕಿಟ್ಟೆ. ನಂಬಿದೆ. ನಂಬಬೇಕೆಂದು ಆಸೆಯಿತ್ತು, ಅದಕ್ಕೇ ನಂಬಿದೆ. ಮಗಳೂ ಸಿಗುತ್ತಾಳೆ, ಮೆರವಣಿಗೆಯೂ ಉಳಿಯುತ್ತದೆ, ಒಂಟಿಗಣ್ಣನ ತಾಯಿಯೂ ನೋಡುತ್ತಾಳೆ. ಯಾರಿಗೆ ಬೇಡ?

ಹಣ್ಣು ಒಂದೊಂದೇ ತಿಂದೆ, ಆರನ್ನೂ.

ಎರಡು ದಿನ ಬಾಕಿ. ಬೆಳಿಗ್ಗೆ

ಇಂದು ಬರುತ್ತಾಳೆ.

ಹುಡುಗರು ದಾರಿಗೆಲ್ಲ ನೀರು ಚಿಮುಕಿಸಿದ್ದಾರೆ, ದೂಳೇಳದಿರಲೆಂದು. ಹೊಲಸು ಮಾತಾಡಿದವನ ಹಲ್ಲು ಉದುರಿಸುತ್ತೇನೆ ಎಂದು ಕನೂಲಿಯಸ್ ಸಾರಿದ್ದಾನೆ. ಅವನೇ ಎಲ್ಲಿಂದಲೋ ದಿಂಬು ತಂದು ಕಲ್ಲಿನ ಈಚೆ ನೆರಳಲ್ಲಿ ಹಾಸಿದ. ಗಡ್ಡ ಬೋಳಿಸಿಕೊಂಡೆ. ಕಿವಿಯ ಹಿಂದಿನ ಕೆಂಪನ್ನು ಕಲ್ಲುಪ್ಪು ಹಾಕಿ ಉಜ್ಜಿ ತೆಗೆದೆ. ಒಣಗಿದ ಎಲೆ ಬಿಸಾಕಿ ಹೊಸದು ಸುತ್ತಿ ಎಂದೆ ದಂಡಧಾರಿಗಳಿಗೆ.

ಅವಳು ಬಂದಾಗ ಮೊದಲು ಏನು ಹೇಳುವುದು? ಮೂಗು ಇದೇ ನೋಡು ಅನ್ನಬೇಕು.

ಮಧ್ಯಾಹ್ನ

ಬಿಸಿಲು ಜಾಸ್ತಿ. ಇಳಿಯಲೆಂದು ಕಾಯುತ್ತಿರಬೇಕು.

ಸಂಜೆ

ಲೂಸಿಯಸ್ ಬಂದ. ಓಡುತ್ತ ಬರಲಿಲ್ಲ. ಕಪ್ಪು ಬಟ್ಟೆ ಹೊದ್ದಿದ್ದ.

ಕಲೆಂಡ್ಸ್‌ನ ಹಿಂದಿನ ದಿನ

ನಿನ್ನೆ ಅಷ್ಟು ಬರೆದ ಮೇಲೆ ಹಲಗೆ ಮುಟ್ಟಲಾಗಲಿಲ್ಲ.

ಆ ಓಲೆ ಬರೆದ ದಿನ ಜ್ವರ ಇಳಿದೇ ಇರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಒಪ್ಪಿಯ ಕೂರಿಸಿದಳಂತೆ, ಕೈ ಹಿಡಿದು ಬರೆಸಿದಳಂತೆ. ಹೀಗೇ ಹೇಳು ಎಂದು ಮುದುಕಿಯಿಂದ ಆಣೆ ಮಾಡಿಸಿದ್ದಳಂತೆ ನುಮ್ಮಿ. ಹಣ್ಣು ಪಕ್ಕದ ಮನೆಯವರದು. ನಮ್ಮ ಮರದ್ದು ಮುಗಿದು ವಾರವಾಗಿತ್ತು.

ನಿನ್ನೆ ಸಂಜೆ ಲೂಸಿಯಸ್‌ನನ್ನು ತಳ್ಳಿ ಕಲ್ಲಿನ ಕಡೆ ಓಡಿದೆ. ಅವನು ಸೊಂಟ ಹಿಡಿದುಕೊಂಡ. “ಈಗ ದಾಟಿ ಏನ್ ಮಾಡ್ತೀರಿ ಭಾವ? ಅವರೇ ತರ್ತಾರೆ. ತರಲೇಬೇಕಲ್ಲ. ಒಳಗೆ ಇಟ್ಕೊಳ್ಳೋ ಹಾಗಿಲ್ಲವಲ್ಲ.” ಹಾಗೆಂದು ಅವನೇ ಗೊಳೋ ಎಂದು ಅತ್ತ.

ಹೌದು. ತರಲೇಬೇಕು. ನಿಯಮ. ನನ್ನನ್ನು ನಲವತ್ತೈದು ದಿನ ಹೊರಗಿಟ್ಟ ಅದೇ ಕಲ್ಲು, ಅದೇ ಗೆರೆ. ನಾನೇ ಬರ್ತೀನಿ ಎಂದು ಬರೆದಿದ್ದಳು.

ಈಗ ಕಲ್ಲಿನ ಹತ್ತಿರ ಕೂತಿದ್ದೇನೆ. ದಿಂಬು ಇಲ್ಲೇ ಇದೆ, ತೆಗೆಯಲು ಯಾರಿಗೂ ಧೈರ್ಯವಾಗಿಲ್ಲ. ಹೊಳೆದಂಡೆಯಿಂದ ಅಷ್ಟೂ ಜನ ಬಂದು ದಾರಿಯ ಎರಡೂ ಕಡೆ ನಿಂತಿದ್ದಾರೆ. ಯಾರೂ ಕರೆದಿರಲಿಲ್ಲ.

ಮುಖ ತೊಳೆದುಕೊಂಡಿದ್ದೇನೆ.

ಕೊಳಲು ಕೇಳಿಸುತ್ತಿದೆ. ಇಳಿಜಾರಿನ ತಿರುವಿನಲ್ಲಿ ಕಾಣುತ್ತಿದ್ದಾರೆ. ಒಪ್ಪಿಯ ಮುಂದೆ ಇದ್ದಾಳೆ, ಕೂದಲು ಬಿಚ್ಚಿದೆ, ಇನ್ನೂ ಕುಂಟುತ್ತಿದ್ದಾಳೆ. ಮಂಚ ಸಣ್ಣದು. ಹೊತ್ತವರು ನಾಲ್ಕೇ ಜನ, ಒಂದು ಮೂಲೆ ಮುದುಕ ಮಾಲಿಯದು, ಅವನ ಹೆಗಲು ಜಾರುತ್ತಿದೆ. ಹತ್ತಿರ ಬಂದರು. ಕಲ್ಲಿನ ಆಚೆ ಇನ್ನು ನಾಲ್ಕು ಹೆಜ್ಜೆ ಇರಬಹುದು. ದಂಡಧಾರಿಗಳು ನನ್ನ ಮುಖ ನೋಡುತ್ತಿದ್ದಾರೆ. ಕನೂಲಿಯಸ್ ಬೇರೆ ಕಡೆ ತಿರುಗಿ ನಿಂತ. ಹಲಗೆ ಇಲ್ಲೇ ಕಲ್ಲಿನ ಮೇಲಿಡುತ್ತೇನೆ. ಆ ನಾಲ್ಕು ಹೆಜ್ಜೆ ನಾನೇ ದಾಟಿ —